ಹಾಲ್ ಬಿಟ್ಟು ಮರದ ಬುಡಕ್ಕೆ ಬನ್ನಿ: ಮುಂಬೈಯಲ್ಲಿ ಗಿಡಮರ ನಡಿಗೆ ನಡೆಸೋದು ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಉಪನಗರದ ಕನ್ನಡ ಸಂಘದಲ್ಲಿ ‘ಎಲ್ಲರಿಗೂ ಸಸ್ಯವಿಜ್ಞಾನ’ ಅಂತ ಒಂದು ಕಾರ್ಯಕ್ರಮ ಇಟ್ಟಿದ್ದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಉತ್ಸಾಹದಲ್ಲಿ 72 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ‘ದ್ಯುತಿಸಂಶ್ಲೇಷಣೆ’ ಅನ್ನುವ ಪದ ನನ್ನ ಬಾಯಿಂದ ಬಂದದ್ದೇ ತಡ, ಹಿಂದಿನ ಸಾಲಿನವರ ಕಣ್ಣು ಒಳಕೋಣೆಯ ಕಡೆ ಹೋಯಿತು. ಅಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದಿತ್ತು.

ಎಲ್ಲ ಮುಗಿದು ಹೊರಗೆ ಬಂದಾಗ ಒಬ್ಬರು ಅಜ್ಜಿ ಗೇಟಿನ ಪಕ್ಕದ ಮರ ತೋರಿಸಿದರು. “ಇದು ನಮ್ಮ ಊರಿನ ರೆಂಜೆ ಅಲ್ವಾ ಮಗಾ? ಇಲ್ಲಿಯವರು ಇದಕ್ಕೆ ಏನಂತಾರೆ?” ಬಕುಳ ಅಂತಾರೆ ಅಜ್ಜಿ ಅಂದೆ. ಅವರು ಕೆಳಗೆ ಬಿದ್ದಿದ್ದ ನಾಲ್ಕು ಒಣಗಿದ ಹೂ ಎತ್ತಿ ನನ್ನ ಕೈಗೆ ಹಾಕಿದರು. ಒಣಗಿದರೂ ಪರಿಮಳ ಹೋಗಿರಲಿಲ್ಲ. ಸುತ್ತ ಜನ ಸೇರಿದರು. ಒಳಗೆ ಒಂದೂವರೆ ಗಂಟೆಯಲ್ಲಿ ಒಂದೇ ಒಂದು ಪ್ರಶ್ನೆ ಬಂದಿರಲಿಲ್ಲ. ಆ ಮರದ ಕೆಳಗೆ ಇಪ್ಪತ್ತು ನಿಮಿಷದಲ್ಲಿ ಹದಿನೈದು ಬಂದವು. ಆಮೇಲೆ ನಾನು ಸ್ಲೈಡ್ ಮಾಡಿಲ್ಲ.

ಜನರಿಗೆ ಗಿಡದ ವಿಜ್ಞಾನ ತಲುಪಿಸುವ ಕೆಲಸವನ್ನು ಸಸ್ಯವಿಜ್ಞಾನಿಗಳ ಸಂಘಗಳು ಬಹಳ ಕಾಲದಿಂದ ಮಾಡುತ್ತಿವೆ. ಅಮೆರಿಕದ ಸಸ್ಯ ಜೀವವಿಜ್ಞಾನಿಗಳ ಸೊಸೈಟಿ (1924ರಲ್ಲಿ ಹುಟ್ಟಿದ್ದು) ಗಿಡಗಳ ಬಗ್ಗೆ ಯಾರಿಗಾದರೂ ಗೊತ್ತಿರಬೇಕಾದ 12 ಮೂಲ ಸಂಗತಿಗಳನ್ನು ಪಟ್ಟಿ ಮಾಡಿ ಶಾಲೆಗಳಿಗೆ ಹಂಚಿತು. ಅಲ್ಲಿನ ಬೊಟಾನಿಕಲ್ ಸೊಸೈಟಿ 2005ರಿಂದ ಶಾಲಾ ಮಕ್ಕಳ ಪ್ರಯೋಗಗಳಿಗೆ ವಿಜ್ಞಾನಿಗಳನ್ನೇ ಆನ್‌ಲೈನ್‌ನಲ್ಲಿ ಜೊತೆ ಮಾಡಿಕೊಡುತ್ತಿದೆ. ಯುರೋಪಿನ ಸಸ್ಯವಿಜ್ಞಾನ ಸಂಸ್ಥೆ 2012ರಲ್ಲಿ ‘ಗಿಡಗಳ ಬೆರಗಿನ ದಿನ’ ಶುರು ಮಾಡಿತು. ಅದು ಮೇ 18ರ ಸುಮಾರಿಗೆ ನಡೆಯುತ್ತದೆ. ನಮ್ಮ ಇಂಡಿಯನ್ ಬೊಟಾನಿಕಲ್ ಸೊಸೈಟಿಗೂ ನೂರು ವರ್ಷ ದಾಟಿದೆ, ಅದು 1920ರದ್ದು. ಇವರೆಲ್ಲ ಎದುರಿಸುವುದು ಒಂದೇ ತೊಂದರೆ. ಫೋಟೋದಲ್ಲಿ ಹುಲಿ ಇದ್ದರೆ ಜನ ಹುಲಿಯನ್ನು ಮಾತ್ರ ನೋಡುತ್ತಾರೆ, ಹಿಂದಿನ ಕಾಡು ಅವರಿಗೆ ಬರೀ ಹಸಿರು ಪರದೆ. 1990ರ ದಶಕದ ಕೊನೆಯಲ್ಲಿ ಜೇಮ್ಸ್ ವಾಂಡರ್ಸಿ ಮತ್ತು ಎಲಿಸಬೆತ್ ಶುಸ್ಲರ್ ಇದಕ್ಕೆ ‘ಸಸ್ಯ ಕುರುಡು’ ಅಂತ ಹೆಸರಿಟ್ಟರು. ಪದ ನನಗೆ ಅಷ್ಟು ಇಷ್ಟವಿಲ್ಲ, ಆದರೆ ಮಾತು ನಿಜ.

ಮುಂಬೈ ಕನ್ನಡಿಗರ ವಿಷಯದಲ್ಲಿ ಇನ್ನೊಂದು ಇದೆ. ನಮ್ಮ ಹಿರಿಯರಿಗೆ ಗಿಡಗಳು ಚೆನ್ನಾಗಿ ಗೊತ್ತು. ಕುಂದಾಪುರದ ಅಜ್ಜಿಗೆ, ಬಾಗಲಕೋಟೆಯ ಕಾಕಾಗೆ ನನಗಿಂತ ಜಾಸ್ತಿ ಗೊತ್ತು. ಊರು ಬಿಟ್ಟಾಗ ಹೆಸರುಗಳೂ ಊರಲ್ಲೇ ಉಳಿದವು, ಅಷ್ಟೆ. ಹಾಗಾಗಿ ನಡಿಗೆ ನಡೆಸುವವರು ಮೊದಲು ಹೆಸರು ಕೇಳಬೇಕು. ಹೇಳುವುದು ಏನಿದ್ದರೂ ಆಮೇಲೆ.

ಜಾಗ ಮತ್ತು ದಿನ

ಮೊದಲ ಸಲಕ್ಕೆ ಬೈಕುಳಾದ ರಾಣಿಬಾಗ್ ಒಳ್ಳೆಯದು. 1862ರಲ್ಲಿ ಶುರುವಾದ ತೋಟ, ಒಳಗೆ ಮೃಗಾಲಯವೂ ಇದೆ. ಜನ ಪೆಂಗ್ವಿನ್ ನೋಡಲು ಹೋಗುತ್ತಾರೆ, ಮರಗಳ ಬುಡದಲ್ಲಿ ಗಲಾಟೆ ಕಡಿಮೆ. ಬುಧವಾರ ರಜೆ, ನೆನಪಿರಲಿ. ಬೋರಿವಲಿಯ ನ್ಯಾಷನಲ್ ಪಾರ್ಕ್ ಚೆನ್ನಾಗಿದೆ, ಆದರೆ ಮೊದಲ ಸಲಕ್ಕೆ ಬೇಡ. ವಯಸ್ಸಾದವರಿಗೆ ನಡಿಗೆ ಜಾಸ್ತಿ, ಅಲ್ಲಿ ಸೋಮವಾರ ರಜೆ ಬೇರೆ. ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕನ್ನು ಎರಡನೇ ನಡಿಗೆಗೆ ಇಟ್ಟುಕೊಳ್ಳಿ. ಕಸ ಸುರಿಯುತ್ತಿದ್ದ ಜಾಗದ ಮೇಲೆ ಬೆಳೆಸಿದ ಕಾಡು ಅದು. ಮಾಟುಂಗಾ ಸುತ್ತಿನವರಿಗೆ ಫೈವ್ ಗಾರ್ಡನ್ಸ್ ಸಾಕು. ಇಡ್ಲಿ ತಿಂದು ಹೊರಟರೆ ಹತ್ತು ನಿಮಿಷ.

ದಿನ ಇಡುವಾಗ ಹೂವಿನ ಲೆಕ್ಕ ಹಿಡಿಯಿರಿ. ಫೆಬ್ರವರಿ–ಮಾರ್ಚ್‌ನಲ್ಲಿ ಬೂರುಗ, ಮುತ್ತುಗ, ಹಾಲುವಾಣ ಎಲೆ ಉದುರಿಸಿ ಕೆಂಪಾಗಿರುತ್ತವೆ. ಏಪ್ರಿಲ್–ಮೇನಲ್ಲಿ ಕಕ್ಕೆ, ಗುಲ್‌ಮೊಹರ್ ಮತ್ತು ತಾಮಣ. ತಾಮಣ ಮಹಾರಾಷ್ಟ್ರದ ರಾಜ್ಯ ಹೂ. ನಮ್ಮ ಕಡೆಯ ಹೊಳೆದಾಸವಾಳ ಅದೇ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸಿ. ಮೇ ತಿಂಗಳ ಮುಂಬೈ ಬೆವರಿಗೆ ಯಾವ ವಿಜ್ಞಾನವೂ ತಲೆಗೆ ಹತ್ತುವುದಿಲ್ಲ.

ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಎರಡು ಗುಂಪು ಮಾಡಿ. ಅಜ್ಜ–ಅಜ್ಜಿಯ ಜೊತೆ ಒಂದೊಂದು ಮಗುವನ್ನು ಜೋಡಿಸಿ, ಆದರೆ ಸ್ವಂತ ಮೊಮ್ಮಗು ಬೇಡ. ಸ್ವಂತದ್ದಾದರೆ “ಸುಮ್ನಿರು ಅಜ್ಜಿ” ಅನ್ನುತ್ತದೆ, ಬೇರೆಯವರದ್ದಾದರೆ ಕೇಳಿಸಿಕೊಳ್ಳುತ್ತದೆ. ಸಾರ್ವಜನಿಕ ತೋಟದಲ್ಲಿ ಗುಂಪು ಕಟ್ಟಿಕೊಂಡು ಹೋಗುವುದಾದರೆ ಮೊದಲೇ ಅಲ್ಲಿನ ಕಚೇರಿಗೆ ಒಂದು ಅರ್ಜಿ ಕೊಟ್ಟು, ಅದರ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ.

ಹಿಂದಿನ ವಾರ ಒಬ್ಬರೇ ಹೋಗಿ

ಇದನ್ನು ತಪ್ಪಿಸಬೇಡಿ. ನಾನು ಒಂದು ಸಲ ತಪ್ಪಿಸಿ ಪೇಚಿಗೆ ಸಿಕ್ಕಿದೆ. ತೋರಿಸಬೇಕೆಂದಿದ್ದ ಮರದ ಸುತ್ತ ದುರಸ್ತಿ ಕೆಲಸ ನಡೆದು ತಗಡು ಹೊಡೆದಿದ್ದರು. ಇಪ್ಪತ್ತು ಜನ ತಗಡು ನೋಡಿ ಬಂದರು.

ಎಂಟು ಮರ ಆರಿಸಿ. ಹತ್ತು ಜಾಸ್ತಿಯಾಯಿತು, ಹನ್ನೆರಡಾದರೆ ಕಾಲು ನೋವು. ಪ್ರತಿ ಮರಕ್ಕೂ ಒಂದು ಪೋಸ್ಟ್‌ಕಾರ್ಡ್ ಗಾತ್ರದ ಚೀಟಿ ಮಾಡಿ. ಒಂದು ಕಡೆ ಮರಾಠಿ ಹೆಸರು ಮತ್ತು ವೈಜ್ಞಾನಿಕ ಹೆಸರು ಬರೆಯಿರಿ. ಇನ್ನೊಂದು ಕಡೆ ಖಾಲಿ ಇರಲಿ. ಅಲ್ಲಿ ಬಂದವರು ಹೇಳುವ ಹೆಸರು ತುಂಬಬೇಕು. ಉಂಬರ್ ಅಂದರೆ ಅತ್ತಿ, ಕರಂಜ್ ಅಂದರೆ ಹೊಂಗೆ, ಐನ್ ಅಂದರೆ ಮತ್ತಿ, ಉಂಡಿ ಅಂದರೆ ಸುರಹೊನ್ನೆ. ಕೋಕಂಗಂತೂ ಸುಮ್ಮನೆ ಜಗಳ. ಮಂಗಳೂರಿನವರು ಪುನರ್ಪುಳಿ ಅಂದರೆ ಮಲೆನಾಡಿನವರು ಮುರುಗಲು ಅನ್ನುತ್ತಾರೆ. ಎರಡನ್ನೂ ಬರೆಯಿರಿ. ಇಷ್ಟೊಂದು ಹೆಸರು ಇರುವಾಗ ವಿಜ್ಞಾನಿಗಳು ಲ್ಯಾಟಿನ್ ಹೆಸರು ಯಾಕೆ ಇಟ್ಟುಕೊಂಡರು ಅನ್ನುವುದನ್ನು ಆ ಜಗಳವೇ ಹೇಳುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಹಾಕಿ ಹೆಸರು ಹುಡುಕುವುದು ತಪ್ಪಲ್ಲ. ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್ ಎರಡೂ ಉಪಯೋಗಕ್ಕೆ ಬರುತ್ತವೆ. ಆದರೆ ಬರೀ ಎಲೆಯ ಫೋಟೋ ನಂಬಿ ಚೀಟಿ ಬರೆಯಬೇಡಿ. ಹೂ ಅಥವಾ ಕಾಯಿ ಕೂಡ ನೋಡಿ. ಅನುಮಾನ ಇದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿ. ನಮ್ಮವರು ಇಂಥ ಪ್ರಶ್ನೆಗೆ ಕಾಯುತ್ತಲೇ ಇರುತ್ತಾರೆ, ಯಾರೂ ಕೇಳುವುದಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1906ರಿಂದ ಬೆಳೆದುಬಂದ ಬ್ಲಾಟರ್ ಹರ್ಬೇರಿಯಂ ಇದೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ದೊಡ್ಡ ಸಂಗ್ರಹ. ಪಶ್ಚಿಮ ಭಾರತದ ಗಿಡಗಳ ಗುರುತು ಹಿಡಿಯುವವರು ಅಲ್ಲಿಗೆ ಹೋಗುತ್ತಾರೆ.

ನಡಿಗೆಯ ದಿನ

ಮೊದಲ ಕೆಲಸ ಚೀಲ ಕಟ್ಟುವುದು. ಬಿಸಿಲು ಬೀಳುವ ಕಡೆ ಕೈಗೆಟುಕುವ ಒಂದು ಕೊಂಬೆ ಹುಡುಕಿ. ಎಲೆ ತುಂಬಿದ ತುದಿಗೆ ಒಂದು ಪಾರದರ್ಶಕ ಚೀಲ ತೊಡಿಸಿ ಬಾಯಿಗೆ ದಾರ ಬಿಗಿಯಿರಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಇದೆ. ಅದಕ್ಕೇ ಹೊಸದು ತರಬೇಡಿ, ಮನೆಯ ಹಳೆಯ ಬ್ರೆಡ್ ಕವರ್ ಸಾಕು. ಅಂಟಿದ ಚೂರು ಒರೆಸಿರಿ. ಇದು ಏನಕ್ಕೆ ಅಂತ ಹೇಳಬೇಡಿ. “ವಾಪಸ್ ಬಂದಾಗ ನೋಡೋಣ” ಅನ್ನಿ, ಅಷ್ಟೆ.

ಈಗ ಮೊದಲ ಮರ. ರಾಣಿಬಾಗ್‌ನಲ್ಲಾದರೆ ನಾನು ಗೋರಖ್ ಚಿಂಚ್ ಹತ್ತಿರ ಶುರು ಮಾಡುತ್ತೇನೆ, ಅದೇ ಬಾವೊಬಾಬ್. ಏನೂ ಹೇಳದೆ ಎಲ್ಲರನ್ನೂ ಅದರ ಸುತ್ತ ಕೈ ಹಿಡಿದು ನಿಲ್ಲಿಸುತ್ತೇನೆ. ಒಂದು ಸಲ ಹಾವೇರಿ ಕಡೆಯವರೊಬ್ಬರು ಇದ್ದರು, ಕಾಂಡ ತಟ್ಟಿ ನೋಡಿ ಕೂಗಿದರು: “ಅಕ್ಕಾರ, ಇದು ನಮ್ಮ ಸವಣೂರಿನ ದೊಡ್ಡ ಹುಣಸಿ ಮರ ಅಲ್ಲೇನ್ರಿ?” ಹೌದು, ಅದೇ ಜಾತಿ. ಸವಣೂರಿನ ಮಠದ ಅಂಗಳದ ಮೂರು ಮರ ಕರ್ನಾಟಕದಲ್ಲೆಲ್ಲ ಹೆಸರುವಾಸಿ. ಆಮೇಲಿನ ಹತ್ತು ನಿಮಿಷ ಪಾಠ ಮಾಡಿದ್ದು ಅವರೇ, ನಾನಲ್ಲ. ಮಠದ ಕಥೆ, ಕಾಯಿಯ ಹುಳಿ, ಎಲ್ಲ ಬಂತು. ನಾನು ಸೇರಿಸಿದ್ದು ಮೂರೇ ಮಾತು. ಮರದ ಮೂಲ ಆಫ್ರಿಕಾ. ದಪ್ಪ ಕಾಂಡ ನೀರು ಕೂಡಿಡುತ್ತದೆ. ಹೂ ಬಿರಿಯುವುದು ರಾತ್ರಿ, ಬಾವಲಿಗಳು ಬರುತ್ತವೆ. ಹುಣಸೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಹುಳಿ ಇರುವುದಕ್ಕೆ ಆ ಹೆಸರು.

ಪ್ರತಿ ಮರದ ಹತ್ತಿರ ಇದೇ ಕ್ರಮ ಇಟ್ಟುಕೊಳ್ಳಿ. ಮುಟ್ಟಲಿ, ಮೂಸಲಿ, ಹೆಸರು ಹೇಳಲಿ, ಅದರ ಬಳಕೆ ಹೇಳಲಿ. ನೀವು ಕೊನೆಯಲ್ಲಿ ಮೂರು ಮಾತು. ನಾಲ್ಕನೆಯದು ಬಾಯಿಗೆ ಬಂದರೆ ನುಂಗಿಕೊಳ್ಳಿ. ನನಗೆ ಇದು ಈಗಲೂ ಕಷ್ಟವೇ.

ಅತ್ತಿ ಮರ ಸಿಕ್ಕರೆ ಬಿಡಬೇಡಿ. ಅತ್ತಿ ಹೂ ಕಂಡವರಿಲ್ಲ ಅನ್ನುವ ಮಾತು ಹಿರಿಯರಿಗೆ ಗೊತ್ತೇ ಇರುತ್ತದೆ. ಕೆಳಗೆ ಬಿದ್ದ ಒಂದು ಕಾಯಿ ಎತ್ತಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಮಕ್ಕಳ ಅಂಗೈ ಮೇಲೆ ಇಡಿ. ಒಳಗೆ ಗೋಡೆಯ ತುಂಬ ದಾರದ ತುದಿಯಂಥ ಸಣ್ಣ ಸಣ್ಣ ಎಳೆಗಳು. ಅವೇ ಹೂಗಳು, ನೂರಾರು. ಕಾಯಿ ಅಂದುಕೊಂಡದ್ದು ಹೂಗಳನ್ನು ಒಳಗೆ ಮುಚ್ಚಿಟ್ಟುಕೊಂಡ ಚೀಲ. ತೊಟ್ಟಿನ ಎದುರು ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಭೂತಗನ್ನಡಿ ಕೊಟ್ಟು ಹುಡುಕಿಸಿ. ಕಣಜದ ಜಾತಿಯ ಒಂದು ಚಿಕ್ಕ ಹುಳ ಆ ತೂತಿನಿಂದ ನುಸುಳುತ್ತದೆ. ನುಸುಳುವಾಗ ರೆಕ್ಕೆ ಕಿತ್ತುಹೋಗುತ್ತದೆ. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಅದರ ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಗಂಡು ಹೊರದಾರಿ ಕೊರೆಯುತ್ತದೆ, ಹೆಣ್ಣು ಪರಾಗ ಹೊತ್ತು ಇನ್ನೊಂದು ಅತ್ತಿಗೆ ಹಾರುತ್ತದೆ. ಇದನ್ನು ಹೇಳುವಾಗ ಮಕ್ಕಳ ಮುಖ ನೋಡಬೇಕು. ಒಬ್ಬ ಹುಡುಗ, “ಆಂಟಿ, ಅಂದ್ರೆ ಅಜ್ಜಿ ಹುಳ ತಿಂದಿದ್ದಾರಾ?” ಅಂತ ಕೇಳಿದ. ಜೊತೆಗಿದ್ದ ಅಜ್ಜಿ ತಾವೇ ಉತ್ತರ ಕೊಟ್ಟರು: “ತಿಂದಿದ್ದೇನೆ ಮಾರಾಯ, ಏನೂ ಆಗಲಿಲ್ಲ.”

ನಾಗಲಿಂಗದ ಹೂವಿಗೆ ಕೆಲವರು ಕೈ ಮುಗಿಯುತ್ತಾರೆ. ಮುಗಿಯಲಿ. ಮರಾಠಿಯಲ್ಲಿ ಅದು ಕೈಲಾಸ್‌ಪತಿ. ಮರದ ಮೂಲ ದಕ್ಷಿಣ ಅಮೆರಿಕ ಅಂತ ಹೇಳಿ, ಆದರೆ ನಂಬಿಕೆ ಒಡೆಯುವವರ ಹಾಗೆ ಹೇಳಬೇಡಿ. ಅಷ್ಟು ದೂರದಿಂದ ಬಂದ ಮರಕ್ಕೆ ನಮ್ಮ ಜನ ಎಷ್ಟು ಚಂದದ ಹೆಸರು ಕೊಟ್ಟರು ನೋಡಿ ಅಂದರೆ ಅದೇ ವಿಷಯ ಸಲೀಸಾಗಿ ಇಳಿಯುತ್ತದೆ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂತು. ರಸ್ತೆಬದಿಯ ಮಳೆಮರವೂ ಅಮೆರಿಕ ಖಂಡದ್ದೇ.

ಅರಳಿ ಮರದ ಹತ್ತಿರ ವಾಟ್ಸಾಪ್ ವಿಜ್ಞಾನ ಬಂದೇ ಬರುತ್ತದೆ: “ಇದು ರಾತ್ರಿಯೂ ಆಕ್ಸಿಜನ್ ಕೊಡುತ್ತದಂತೆ.” ಕೊಡುವುದಿಲ್ಲ. ಗಿಡ ಆಕ್ಸಿಜನ್ ಬಿಡುವುದಕ್ಕೆ ಬೆಳಕು ಬೇಕು. ಕತ್ತಲಲ್ಲಿ ಅದೂ ನಮ್ಮ ಹಾಗೆ ಉಸಿರಾಡುತ್ತದೆ ಅಷ್ಟೆ. ಇದನ್ನು ಹೇಳಲೇಬೇಕು, ಆದರೆ ಕೇಳಿದವರು ಮುಜುಗರಪಡಬಾರದು. ನಾನು ಅದನ್ನು ಒಂದು ಪ್ರಶ್ನೆ ಮಾಡಿ ಮಕ್ಕಳಿಗೆ ಎಸೆಯುತ್ತೇನೆ. ಐದನೇ ಕ್ಲಾಸಿನ ಯಾವುದಾದರೂ ಮಗು “ಬಿಸಿಲು ಇಲ್ಲದೆ ಹೇಗೆ?” ಅನ್ನುತ್ತದೆ. ಅಲ್ಲಿಗೆ ಮುಗಿಯಿತು.

ಒಂದು ಎಚ್ಚರಿಕೆ. ನಡಿಗೆಯಲ್ಲಿ ಯಾರೂ ಏನನ್ನೂ ತಿನ್ನಬಾರದು. ಒಬ್ಬ ಹುಡುಗಿ ಕೆಂಪು–ಕಪ್ಪು ಗುಲಗಂಜಿ ಬೀಜ ಆರಿಸಿ ಬಾಯಿಗೆ ಇಡುವುದರಲ್ಲಿದ್ದಳು, ಕೈ ಹಿಡಿದೆ. ಅದು ಭಾರೀ ವಿಷ. ಕಣಗಿಲೆಯೂ ಹಾಗೆಯೇ. ಎಕ್ಕದ ಹಾಲು ಕಣ್ಣಿಗೆ ಹೋದರೆ ಆಸ್ಪತ್ರೆ ಓಡಾಟ. ಜೊತೆಗೆ ಒಂದು ಬಾಟಲಿ ನೀರು, ಸೋಪು ಇರಲಿ.

ಕೊನೆಗೆ ಚೀಲ ಕಟ್ಟಿದ ಕೊಂಬೆಗೆ ವಾಪಸ್ ಬನ್ನಿ. ಒಂದೂವರೆ ಗಂಟೆಯಲ್ಲಿ ಕವರಿನ ಒಳಗೆಲ್ಲ ಹನಿ ಕಟ್ಟಿರುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಗುಟುಕು ನೀರು ಕೂಡ ನಿಂತಿರಬಹುದು. ಯಾರೂ ನೀರು ಹಾಕಿಲ್ಲ, ಮಳೆ ಬಂದಿಲ್ಲ. ಎಲ್ಲಿಂದ ಬಂತು? ಈಗ ಎಲೆಯ ಬಾಯಿಯ ವಿಷಯ ತೆಗೆಯಿರಿ. ಬೇರು ಎಳೆದ ನೀರು ಎಲೆಯ ಸಣ್ಣ ಸಣ್ಣ ಬಾಯಿಗಳಿಂದ ಆವಿಯಾಗಿ ಹೋಗುತ್ತದೆ. ಮರದ ಕೆಳಗೆ ತಂಪು ಇರುವುದಕ್ಕೆ ನೆರಳಿನ ಜೊತೆಗೆ ಇದೂ ಒಂದು ಕಾರಣ.

ಆ ಬಾಯಿ ನೋಡುವುದೂ ಕಷ್ಟವಲ್ಲ. ಮುಂಬೈಯ ಹೌಸಿಂಗ್ ಸೊಸೈಟಿಗಳ ಅಂಚಿಗೆಲ್ಲ ಒಂದು ಗಿಡ ನೆಟ್ಟಿರುತ್ತಾರೆ. ಎಲೆ ಮೇಲೆ ಹಸಿರು, ಕೆಳಗೆ ನೇರಳೆ. ರೋಹಿಯೋ ಅನ್ನುತ್ತೇವೆ. ಎಲೆಯನ್ನು ಓರೆಯಾಗಿ ಹರಿದರೆ ನೇರಳೆ ಬಣ್ಣದ ತೆಳು ಸಿಪ್ಪೆ ಏಳುತ್ತದೆ. ಅದನ್ನು ಗಾಜಿನ ಮೇಲೆ ಒಂದು ಹನಿ ನೀರಲ್ಲಿ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡಿ. ನೇರಳೆ ನೆಲದ ಮೇಲೆ ಹಸಿರು ತುಟಿಗಳು, ಜೋಡಿ ಜೋಡಿ. ಮೈಕ್ರೋಸ್ಕೋಪಿಗೆ ಕಾಲೇಜು ಹುಡುಕಬೇಕಾಗಿಲ್ಲ. ಮನು ಪ್ರಕಾಶ್ ಅವರ ತಂಡ ಸ್ಟ್ಯಾನ್‌ಫೋರ್ಡ್‌ನಲ್ಲಿ ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ಸಾಕು. ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಯುತ್ತದೆ.

ಮಳೆಗಾಲಕ್ಕೆ ತರಕಾರಿ ಸಂತೆ

ಜೂನ್ ಬಂದ ಮೇಲೆ ತೋಟದ ನಡಿಗೆ ಕೈಬಿಡಿ, ಕೊಡೆ ಕೊಡೆಗೆ ತಾಗುತ್ತದೆ. ಬದಲಿಗೆ ಸ್ಟೇಷನ್ ಹೊರಗಿನ ಮಾರ್ಕೆಟ್‌ಗೆ ಹೋಗಿ. ಮೊದಲ ಮಳೆ ಬಿದ್ದ ಕೆಲವು ವಾರಕ್ಕೆ ಹಳ್ಳಿ, ಕಾಡಿನ ಕಡೆಯ ಹೆಂಗಸರು ಕಾಡುಸೊಪ್ಪು ತರುತ್ತಾರೆ. ‘ಟಾಕ್ಳಾ’ ಅಂತ ಕೂಗುವ ಸೊಪ್ಪನ್ನು ನೋಡಿ ನಮ್ಮ ತುಳುನಾಡಿನವರು ನಿಂತುಬಿಡುತ್ತಾರೆ. ಅದು ತಜಂಕ್, ಆಟಿ ತಿಂಗಳ ಸೊಪ್ಪು. ‘ಕಂಟೋಳಿ’ ಅಂದರೆ ಮಡಹಾಗಲ. ‘ಅಳು’ ಅಂದರೆ ಕೆಸು. ಅವರ ಅಳೂವಡಿ, ನಮ್ಮ ಪತ್ರೊಡೆ ಅಕ್ಕತಂಗಿಯರು.

ಕೆಸುವಿನ ಸೊಪ್ಪು ಕೊಂಡು ಯಾರದಾದರೂ ಅಡುಗೆಮನೆಯಲ್ಲಿ ಸೇರಿ. ಬಾಯಿ ತುರಿಸುವುದು ಯಾಕೆ ಅಂತ ಅಲ್ಲೇ ತೋರಿಸಬಹುದು. ಎಲೆಯ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಕಟ್ಟುಕಟ್ಟಾಗಿರುತ್ತದೆ. ದಂಟಿನ ರಸ ಒಂದು ಹನಿ ಫೋಲ್ಡ್‌ಸ್ಕೋಪಿಗೆ ಹಾಕಿ ಹುಡುಕಿ, ಸಿಕ್ಕಿದರೆ ಗುಂಪೆಲ್ಲ ಸಾಲು ನಿಲ್ಲುತ್ತದೆ. ತಿನ್ನಲು ಬಂದವನನ್ನು ಓಡಿಸುವುದು ಗಿಡದ ಉಪಾಯ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ನಮ್ಮ ಅಜ್ಜಿಯರ ಉಪಾಯ. ಇಲ್ಲೂ ಒಂದು ಕಟ್ಟಳೆ: ಸೊಪ್ಪು ಮಾರುವವರಿಂದಲೇ ತನ್ನಿ, ಅಡುಗೆ ಹೇಗೆ ಅಂತ ಅವರನ್ನೇ ಕೇಳಿ. ರೈಲು ಹಳಿಯ ಪಕ್ಕ ಬೆಳೆದದ್ದನ್ನು ಕಿತ್ತು ತರಬೇಡಿ.

ನಡಿಗೆಯ ಮಾರನೇ ದಿನ

ಜನ ಫೋಟೋ ಹಾಕುತ್ತಾರೆ, ಮೂರು ದಿನ ಗುಂಪು ಗಿಜಿಗುಡುತ್ತದೆ, ಆಮೇಲೆ ಗುಡ್ ಮಾರ್ನಿಂಗ್ ಸಂದೇಶ. ಇದನ್ನು ತಡೆಯಲು ನನಗೆ ಕೈಹಿಡಿದದ್ದು ಒಂದೇ ದಾರಿ, ಪ್ರತಿ ಮನೆಗೆ ಒಂದು ಮರ. ಮನೆಯ ಕಿಟಕಿಯಿಂದ ಅಥವಾ ಸ್ಟೇಷನ್ ದಾರಿಯಲ್ಲಿ ಕಾಣುವ ಒಂದು ಮರ ಆರಿಸಿ, ವಾರಕ್ಕೊಮ್ಮೆ ಬರೆದಿಡುವುದು. ಚಿಗುರು ಇದೆಯಾ, ಹೂ ಇದೆಯಾ, ಕಾಯಿ ಇದೆಯಾ, ಇಷ್ಟೇ. ಸೀಸನ್‌ವಾಚ್ ಅನ್ನುವ ಯೋಜನೆ ದೇಶದ ಉದ್ದಗಲಕ್ಕೂ ಜನರಿಂದ ಇಂಥದ್ದೇ ಲೆಕ್ಕ ಸೇರಿಸುತ್ತಿದೆ, ಅಲ್ಲಿ ನಿಮ್ಮ ಮರವನ್ನೂ ನೋಂದಾಯಿಸಬಹುದು. ಮಳೆಮರ ಆರಿಸಿಕೊಂಡವರಿಗೆ ಸಂಜೆಯ ಕೆಲಸವೂ ಉಂಟು. ಕತ್ತಲಾಗುವಾಗ ಅದು ಎಲೆ ಮಡಚುತ್ತದೆ. ಎಷ್ಟು ಗಂಟೆಗೆ ಮಡಚಿತು ಅಂತ ಬರೆದಿಡಲಿ.

ಮರಕ್ಕೆ ಹೆಸರಿನ ಫಲಕ ಹಾಕುವ ಆಸೆ ಎಲ್ಲ ಸಂಘಕ್ಕೂ ಬರುತ್ತದೆ, ಅಧ್ಯಕ್ಷರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ ಇರಲಿ ಅಂತ ಬೇರೆ. ಮೊಳೆ ಮಾತ್ರ ಹೊಡೆಯಬೇಡಿ. ಗಾಯದಿಂದ ರೋಗ ಹತ್ತುತ್ತದೆ. ನಗರದ ಮರಗಳ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 1975ರ ಕಾನೂನೂ ಇದೆ. ನಿಮ್ಮ ಸೊಸೈಟಿಯ ಆವರಣದ ಮರವಾದರೆ ಬುಡದಿಂದ ಸ್ವಲ್ಪ ದೂರ ಒಂದು ಗೂಟಕ್ಕೆ ಫಲಕ ಕಟ್ಟಿ. ಮೂರು ಭಾಷೆಯಲ್ಲಿ ಹೆಸರು ಬರೆದರೆ ವಾಚ್‌ಮನ್ ಕೂಡ ಓದುತ್ತಾನೆ. ನಮ್ಮ ಕಟ್ಟಡದ ವಾಚ್‌ಮನ್ ಉತ್ತರ ಪ್ರದೇಶದವನು. ಫಲಕ ನೋಡಿ ತನ್ನ ಊರಿನ ಹೆಸರು ಹೇಳಿದ, ನಾಲ್ಕನೆಯದಾಗಿ ಅದನ್ನೂ ಸೇರಿಸಿದೆವು.

ಮಕ್ಕಳು ಹರ್ಬೇರಿಯಂ ಮಾಡಬೇಕೆಂದರೆ ಬಿದ್ದ ಎಲೆ, ಬಿದ್ದ ಹೂ ಮಾತ್ರ. ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಮುಂಬೈ ಹವೆಯಲ್ಲಿ ಪೇಪರನ್ನು ದಿನಾ ಬದಲಿಸದಿದ್ದರೆ ಮೂರನೇ ದಿನ ಬೂಸಲು ಹಿಡಿಯುತ್ತದೆ.

ಅಲ್ಲೇ ಉತ್ತರ ಕೊಡಲಾಗದ ಪ್ರಶ್ನೆಗಳಿಗೆ ಒಂದು ಪುಸ್ತಕ ಇಡಿ. ಕೇಳಿದವರ ಹೆಸರಿನ ಜೊತೆಗೇ ಬರೆದುಕೊಳ್ಳಿ. ಮುಂದಿನ ನಡಿಗೆಯನ್ನು ಅಲ್ಲಿಂದಲೇ ಶುರು ಮಾಡಿ. ನಮ್ಮ ಪುಸ್ತಕದಲ್ಲಿ ಈಗ ಮೊದಲು ಇರುವುದು ಅದೇ ಅತ್ತಿ ಹುಡುಗನ ಪ್ರಶ್ನೆ: ಅಷ್ಟು ಚಿಕ್ಕ ಹುಳಕ್ಕೆ ಇನ್ನೊಂದು ಅತ್ತಿ ಮರ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಹೂ ಹೊರಬಿಡುವ ವಾಸನೆ ಹಿಡಿದು ಹೋಗುತ್ತದೆ. ಹೇಳಲು ಇಷ್ಟೇ, ಆದರೆ ಸುಮ್ನೆ ಹೇಳಿಬಿಟ್ಟರೆ ಏನು ಚಂದ? ಮುಂದಿನ ಸಲ ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಬಕುಳದ ಹೂ ಎಲ್ಲೋ ಇಟ್ಟು, ಮೂಗಿನಿಂದ ಹುಡುಕಿಸಬೇಕು ಅಂತ ಇದ್ದೇನೆ.